ಮಾಮಾ ಇಲ್ಲದವನ ಟ್ರೇನಿಂಗ್

ಜಾಣನಾಗಿ ಹುಟ್ಟಿದವನ ಬೆನ್ನು ಫಜೀತಿ ಎಂದೂ ಬಿಡುವುದಿಲ್ಲ. ಇದಕ್ಕೆ ನಾನೇ ಸಾಕ್ಷಿ. ಭೀಮಾ ದಂಡೆಯ ನಮ್ಮ ಹಳ್ಳಿಯಿಂದ ಪುಣೆಗೆ ಬಂದು ಎಂಜಿನಿಯರಿಂಗ್ ಸೇರಿದ ಮೊದಲ ಗಂಡು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ ಎಂದೇ ಆಗ ನಂಬಿದ್ದೆ. ಮೂರನೇ ವರ್ಷದ ಬೇಸಿಗೆಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ಆರು ವಾರ ಟ್ರೇನಿಂಗ್ ಮಾಡಬೇಕು, ಇಲ್ಲದಿದ್ದರೆ ಕೊನೆಯ ವರ್ಷಕ್ಕೆ ಹತ್ತಿಸುವುದಿಲ್ಲ ಎಂಬುದು ಕಾಲೇಜಿನ ನಿಯಮ. ಕ್ಲಾಸಿನ ಪುಣೆಯ ಹುಡುಗರಿಗೆ ಒಂದೊಂದು ಕಾರ್ಖಾನೆಯಲ್ಲಿ ಒಬ್ಬೊಬ್ಬ ಮಾಮಾ ಇದ್ದ. ನನಗಿದ್ದ ಒಬ್ಬನೇ ಮಾಮಾ ಊರಲ್ಲಿ ಎಮ್ಮೆ ಕಾಯುತ್ತಿದ್ದ. ಆದರೂ ಯಾರ ವಶೀಲಿಯೂ ಬೇಡ, ಎಂಟು ದಿನದಲ್ಲಿ ಜಾಗ ಹಿಡಿದು ತೋರಿಸುತ್ತೇನೆ ಎಂದು ಮೆಸ್ಸಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ.

ಕಿವಿಯ ಪರೀಕ್ಷೆ

ಮೊದಲು ಹೋದದ್ದು ಭೋಸರಿಯ ಒಂದು ಪಂಪಿನ ಕಾರ್ಖಾನೆಗೆ. ನಿನಗೇನು ಬರುತ್ತದೆ ಎಂದು ಅಲ್ಲಿಯ ಹಿರಿಯ ಎಂಜಿನಿಯರ್ ಕೇಳಿದರು. ನಮ್ಮೂರಿನ ಡೀಸೆಲ್ ಎಂಜಿನ್‌ಗಳಿಗೆಲ್ಲ ನಾನೇ ವೈದ್ಯ, ಬಿಚ್ಚುವುದೂ ಬೇಡ, ಸದ್ದು ಕೇಳಿಯೇ ರೋಗ ಹೇಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟು ಕಿಟಕಿಯ ಕಡೆ ಬೆರಳು ಮಾಡಿದರು. ಹೊರಗೆ ಏನೋ ಗುಡುಗುಡು ಅನ್ನುತ್ತಿತ್ತು. ಅದಕ್ಕೇನಾಗಿದೆ ಹೇಳು ಎಂದರು.

ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಪೂರಾ ಎರಡು ನಿಮಿಷ ಕೇಳಿದೆ. ನಾಜಲ್ ಕಟ್ಟಿಕೊಂಡಿದೆ, ಇವತ್ತೇ ನಿಲ್ಲಿಸದಿದ್ದರೆ ಪಿಸ್ಟನ್ ಕೈಕೊಡುತ್ತದೆ ಎಂದು ತೀರ್ಪು ಕೊಟ್ಟೆ.

ಅವರು ಒಂದು ಚೂರೂ ನಗಲಿಲ್ಲ. "ಅದು ನಮ್ಮ ಕ್ಯಾಂಟೀನಿನ ಗ್ರೈಂಡರ್. ನಾಜಲ್ ಏನೂ ಆಗಿಲ್ಲ. ಬೇಳೆ ನೆಂದಿಲ್ಲ."

ಎರಡು ಸಾಲಿನ ಚೀಟಿ

ಎಂಟು ದಿನ ಹೋಗಿ ಹದಿನೆಂಟಾಯಿತು. ವಶೀಲಿ ಬೇಡ ಎಂದವನು ಸದ್ದಿಲ್ಲದೆ ಮಾರ್ಕೆಟ್ ಯಾರ್ಡಿಗೆ ಹೋಗಿ, ನಮ್ಮ ಕಡೆಯ ಅಡತಿ ವ್ಯಾಪಾರಿಯೊಬ್ಬರ ಗಾದಿಯ ಮುಂದೆ ಕುಳಿತೆ. ಅವರಿಗೆ ಒಬ್ಬ ಕಾರ್ಖಾನೆ ಮ್ಯಾನೇಜರರ ಪರಿಚಯವಿತ್ತು. ಆತ ಸೊಲ್ಲಾಪುರದವ, ಅಂದ ಮೇಲೆ ಕನ್ನಡ ಬಂದೇ ಬರುತ್ತದೆ ಎಂದು ತಾವೇ ತೀರ್ಮಾನಿಸಿ, ಕನ್ನಡದಲ್ಲಿ ಚೀಟಿ ಬರೆದು ಲಕೋಟೆ ಅಂಟಿಸಿ ಕೊಟ್ಟರು.

ಮ್ಯಾನೇಜರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಲಕೋಟೆ ಒಡೆದು, ನೀನೇ ಓದಿ ಮರಾಠಿಯಲ್ಲಿ ಹೇಳು ಎಂದು ನನ್ನ ಕೈಗಿಟ್ಟರು. ಚೀಟಿಯಲ್ಲಿ ಹೀಗಿತ್ತು: "ಇವರಪ್ಪ ನಮಗ ಭಾಳ ಬೇಕಾದವರು, ಇಲ್ಲ ಅನ್ನಾಕ ಆಗಲಿಲ್ಲ. ಹುಡುಗನ ಬಾಯಿ ದೊಡ್ಡದು, ಒಂದು ಚಹಾ ಕುಡಿಸಿ ಕಳಿಸಿಬಿಡ್ರಿ."

ನಾನು ಧೈರ್ಯಗೆಡುವ ಗಂಡೇ ಅಲ್ಲ. ಹುಡುಗ ಸಂಭಾವಿತ, ಬುದ್ಧಿವಂತ, ಇಂಥವನು ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದು ಐದು ನಿಮಿಷ ಓದಿದೆ. ಎರಡು ಸಾಲಿನಲ್ಲಿ ಇಷ್ಟೆಲ್ಲ ಇದೆಯೇ ಎಂದು ಮ್ಯಾನೇಜರ್ ಕೇಳಿದರು. ಕನ್ನಡ ಗಟ್ಟಿ ಭಾಷೆ ಸಾಹೇಬ್ರೇ, ಸ್ವಲ್ಪದರಲ್ಲೇ ಬಹಳ ಹಿಡಿಯುತ್ತದೆ ಎಂದೆ. ಅವರು ಗಂಟೆ ಒತ್ತಿ ಜವಾನನನ್ನು ಕರೆದರು. ಅವನು ಅಕ್ಕಲಕೋಟೆಯವನಂತೆ, ಕನ್ನಡ ಶಾಲೆಯಲ್ಲಿ ಕಲಿತವನು. ಚೀಟಿ ಓದಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹುಡುಗ ಎಲ್ಲ ಸರಿಯಾಗಿಯೇ ಓದಿದ್ದಾನೆ ಸಾಹೇಬ," ಎಂದ. "ಪಾಪ, ನಾಚಿಕೆಯಿಂದ ಒಂದು ಮಾತು ಬಿಟ್ಟಿದ್ದಾನೆ. ಚಹಾ ಕುಡಿಸಿ ಅಂತ ಬರೆದಿದ್ದಾರೆ."

ಚಹಾ ಸಿಕ್ಕಿತು. ಜಾಗ ಮಾತ್ರ ಇಲ್ಲವಂತೆ.

ದೊಡ್ಡಕ್ಕನ ಶಿಫಾರಸು

ಕಾಲೇಜು ಕೊಟ್ಟ ಗಡುವಿಗೆ ಎರಡೇ ದಿನ ಉಳಿದಿತ್ತು. ಪಿಂಪರಿಯ ದೊಡ್ಡ ಕಾರ್ಖಾನೆಯೊಂದರ ವಾಚ್‌ಮನ್ ಮೂರು ಸಲ ನನ್ನನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿದ್ದ. ನಾಲ್ಕನೇ ಮುಂಜಾನೆ ಹಿಂದಿನ ಗೇಟಿನಲ್ಲಿ ಕಲಬುರ್ಗಿ ಕಡೆಯ ಮಾತು ಕೇಳಿಸಿತು. ಒಳಗೆ ಹೊಸ ಶೆಡ್ ಕಟ್ಟುವ ಕೂಲಿಯವರು ಸಾಲಾಗಿ ಹೋಗುತ್ತಿದ್ದರು. ಅವರ ಮುಂದಾಳು ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ನನ್ನ ಕಷ್ಟ ಹೇಳಿಕೊಂಡೆ. ಅವಳು ನನ್ನ ತಲೆಗೆ ಟವೆಲ್ ಸುತ್ತಿ, ಕೈಗೆ ಬುಟ್ಟಿ ಕೊಟ್ಟು ಒಳಗೆ ದಾಟಿಸಿದಳು. ಅರ್ಜಿ, ಸರ್ಟಿಫಿಕೇಟು ಅಂಗಿಯೊಳಗಿದ್ದವು.

"ಒಳಗ ಬಂದಿ ಅಂದ್ರ ಸುಮ್ನ ನಿಂದ್ರಾಕ ಬರಂಗಿಲ್ಲ ತಮ್ಮಾ. ಉಸುಕು ಹೊರು," ಎಂದಳು ದೊಡ್ಡಕ್ಕ.

ಊರಲ್ಲಿ ಜೋಳದ ಚೀಲ ಒಂದೇ ಕೈಯಲ್ಲಿ ಎತ್ತುತ್ತೇನೆ, ಇದ್ಯಾವ ಲೆಕ್ಕ ಎಂದೆ. ಹೊರುತ್ತಾ ನಮ್ಮ ಮನೆತನ, ನನ್ನ ಮಾರ್ಕ್ಸು, ಕುಸ್ತಿಯಲ್ಲಿ ನಾನು ಕೆಡವಿದವರ ಹೆಸರು ಎಲ್ಲ ಹೇಳಿದೆ. ಮೂರನೇ ಬುಟ್ಟಿಯನ್ನು ದಾರಿಯಲ್ಲೇ ಎರಡು ಸಲ ಇಳಿಸಿದೆ. ನಾಲ್ಕನೆಯದು ಜಾರಿ, ರೌಂಡಿಗೆ ಬಂದ ದೊಡ್ಡ ಸಾಹೇಬರ ಬೂಟಿನ ಮೇಲೆ ಸುರಿಯಿತು.

ಇದೇ ಸಮಯ ಎಂದು ಅಂಗಿಯೊಳಗಿನಿಂದ ಸರ್ಟಿಫಿಕೇಟು ಎಳೆದು, ನಾನು ಯಾರು, ಯಾಕೆ ಬಂದೆ ಎಲ್ಲ ಇಂಗ್ಲಿಷಿನಲ್ಲಿ ಒದರಿದೆ. ಸಾಹೇಬರು ಉಸುಕು ಕೊಡವಿಕೊಳ್ಳುತ್ತಾ, ಇವನು ಹೇಗೆ ಎಂದು ದೊಡ್ಡಕ್ಕನನ್ನೇ ಕೇಳಿದರು. ಹದಿನೈದು ವರ್ಷ ಪುಣೆಯಲ್ಲಿ ದುಡಿದವಳ ಮರಾಠಿ ನನ್ನದಕ್ಕಿಂತ ಚೊಕ್ಕ. ಅದನ್ನು ನಮ್ಮ ಮಾತಿಗೆ ತಂದರೆ ಹೀಗೆ:

"ಮುಂಜಾನಿಂದ ನೋಡಾಕತ್ತೀನ್ರಿ. ನಾಕು ಬುಟ್ಟಿ ಹೊತ್ತಾನ, ನಲವತ್ತು ಬುಟ್ಟಿ ಮಾತಾಡ್ಯಾನ. ದುಡಿಯೋ ಮಂದ್ಯಾಗ ಇವನು ನಡೆಯಂಗಿಲ್ಲ. ನಿಮ್ಮ ಆಫೀಸಿನಾಗ ಇಟ್ಟುಕೋರಿ."

ಸಾಹೇಬರು ಅಲ್ಲೇ ಇಟ್ಟಿಗೆಯ ಮೇಲೆ ನನ್ನ ಅರ್ಜಿ ಇಟ್ಟು ಸಹಿ ಹಾಕಿದರು. ಮೂರು ವರ್ಷ ಮೆಕ್ಯಾನಿಕಲ್ ಓದಿದವನ ಅರ್ಜಿಯಲ್ಲಿ ವಿಭಾಗ ಎಂದಿದ್ದ ಕಡೆ ಅವರು ದಪ್ಪಗೆ ಬರೆದದ್ದು: ಸೇಲ್ಸ್.