ಹದಿನೈದು ಸಹಿ, ಎರಡು ಹರಿಗೋಲು

ಭಾನುವಾರವನ್ನು ಕಂಡರೆ ನನಗೆ ಆಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ವಾರವೆಲ್ಲ ಕಚೇರಿಯಲ್ಲಿ ಕತ್ತೆ ದುಡಿದಂತೆ ದುಡಿಯುವ ಗುಮಾಸ್ತನಿಗೆ ಭಾನುವಾರಕ್ಕಿಂತ ದೊಡ್ಡ ದೇವರುಂಟೆ ಎಂದು ಕೇಳುತ್ತಾರೆ. ನಿಜ, ಮನೆಯಲ್ಲಿ ಮಾತನಾಡುವುದಕ್ಕೆ ಒಂದು ಜೀವವಿದ್ದರೆ ಭಾನುವಾರ ದೇವರೇ. ನಾನು ಮದುವೆಯಾದವನಲ್ಲ. ಯಾಕೆ ಆಗಲಿಲ್ಲವೆಂದು ದಿನಕ್ಕೆರಡು ಸಲ ಕೇಳುತ್ತಿದ್ದ ಅಮ್ಮ ಯುದ್ಧ ಮುಗಿಯುವುದಕ್ಕೆ ಮುಂಚೆಯೇ ತೀರಿಕೊಂಡಳು. ಅವಳಿದ್ದಾಗ ಆ ಪ್ರಶ್ನೆಗೆ ರೇಗುತ್ತಿದ್ದೆ. ಈಗ ಹಲಸೂರಿನ ವಠಾರದ ನನ್ನ ಒಂದೂವರೆ ಕೋಣೆಯಲ್ಲಿ ಶನಿವಾರ ಸಾಯಂಕಾಲ ಬಾಯಿ ಮುಚ್ಚಿದರೆ ಮತ್ತೆ ಅದು ತೆರೆಯುವುದು ಸೋಮವಾರ ಬೆಳಿಗ್ಗೆಯೇ. ಊಟಕ್ಕೆ ತೆರೆಯುತ್ತದೆ, ಅದು ಲೆಕ್ಕಕ್ಕಿಲ್ಲ. ಸೋಮವಾರ ಕಚೇರಿಯ ಮೆಟ್ಟಿಲು ಹತ್ತಿ ಮೊದಲ ಮಾತು ಆಡಿದರೆ ಗಂಟಲಿನಿಂದ ಕೀಲಿಗೆ ಎಣ್ಣೆ ಹಾಕದ ಬಾಗಿಲಿನ ಸದ್ದು ಬರುತ್ತದೆ. ನೆಗಡಿ ಎಂದು ಹೇಳಿ ಎರಡು ವರ್ಷ ತಳ್ಳಿದೆ. ಪ್ರತಿ ಸೋಮವಾರವೂ ನೆಗಡಿಯಾಗುವ ಮನುಷ್ಯ ಎಂದು ಕಚೇರಿಯಲ್ಲಿ ನನಗೆ ಹೆಸರು ಬಂತು.

ಈ ಕಾಯಿಲೆಗೆ ಮದ್ದಾಗಿ ನನಗೆ ಹೊಳೆದದ್ದು ನದಿಯ ವಿಹಾರ. ಬೆಳಗಿನ ಗಾಡಿ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವುದು, ಕಾವೇರಿಯಲ್ಲಿ ಹರಿಗೋಲಿನಲ್ಲಿ ಕುಳಿತು ಎರಡು ದಡದ ಸೊಬಗನ್ನು ನೋಡುತ್ತ ತೇಲುವುದು, ಮರದ ನೆರಳಿನಲ್ಲಿ ಊಟ, ಸಂಜೆಯ ಗಾಡಿಗೆ ವಾಪಸು. ಒಂದು ಇಡೀ ಭಾನುವಾರ ನನ್ನ ಕಚೇರಿಯ ಜನ ನನ್ನ ಜೊತೆ ಮಾತನಾಡುತ್ತಾರೆ. ಹರಿಗೋಲಿನಿಂದ ಇಳಿದು ಹೋಗುವುದಕ್ಕಾಗುವುದಿಲ್ಲವಲ್ಲ! ಮನೆಯಿಂದ ಐದು ನಿಮಿಷ ನಡೆದರೆ ಹಲಸೂರು ಕೆರೆಯೇ ಇದೆ, ನೀರು ನೋಡುವುದಕ್ಕೆ ಅಷ್ಟು ದೂರ ಯಾಕೆ ಎಂದು ನೀವು ಕೇಳಬಹುದು. ಕೆರೆ ನನ್ನ ಹಾಗೆ, ಇದ್ದಲ್ಲೇ ಇರುತ್ತದೆ. ಅದನ್ನು ಭಾನುವಾರವೆಲ್ಲ ನೋಡಿ ನೋಡಿ ನನಗೂ ಸಾಕಾಗಿತ್ತು, ಅದಕ್ಕೂ ಸಾಕಾಗಿದ್ದಿರಬೇಕು.

ನಾನು ದಂಡಿನ ಒಂದು ಉಗ್ರಾಣದ ಕಚೇರಿಯಲ್ಲಿ ಹೆಡ್ ಕ್ಲರ್ಕು. ಸಿಪಾಯಿಗಳ ಬೂಟು, ಕಂಬಳಿ, ಬಕೆಟ್ಟುಗಳ ಹೋಗುಬರುವಿಕೆ ನಮ್ಮ ಕೈಯಲ್ಲಿ. ಇಂಥ ಮನುಷ್ಯ ವಿಹಾರಕ್ಕೆ ಏರ್ಪಾಡು ಮಾಡಿದರೆ ಅದು ವಿಹಾರದ ಹಾಗಿರುವುದಿಲ್ಲ, ದಂಡಯಾತ್ರೆಯ ಹಾಗಿರುತ್ತದೆ. ಐದು ವಾರ ಮುಂಚಿತವಾಗಿ ಸರ್ಕ್ಯುಲರ್ ತಯಾರಿಸಿದೆ. ಇಂಗ್ಲಿಷಿನಲ್ಲೇ ಬರೆದೆ. ನಮ್ಮ ಕಚೇರಿಯಲ್ಲಿ ಸಂತೋಷವನ್ನೂ ಇಂಗ್ಲಿಷಿನಲ್ಲೇ ಸೂಚಿಸಬೇಕು. ಗಾಡಿ ಸಿಟಿ ಸ್ಟೇಷನ್ನಿನಿಂದ ಹೊರಡುವ ಸಮಯ, ಸೇರಬೇಕಾದ ಜಾಗ, ಊಟ ನನ್ನದೆಂಬ ಭರವಸೆ, ತರಬೇಕಾದ ವಸ್ತುಗಳು (ಟವೆಲು ಒಂದು, ಲೋಟ ಒಂದು), ಎಲ್ಲಕ್ಕೂ ಕ್ರಮಸಂಖ್ಯೆ ಕೊಟ್ಟೆ. ಕೊನೆಯಲ್ಲಿ 'ಬರಲು ಒಪ್ಪಿದವರು ತಮ್ಮ ಹೆಸರಿನ ಮುಂದೆ ಸಹಿ ಮಾಡುವುದು' ಎಂದು ಬರೆದು ಕೆಳಗೆ ಗೆರೆ ಎಳೆದೆ. ಕಚೇರಿಯ ಜವಾನ ಮುನಿವೆಂಕಟಪ್ಪ, ಕೃಷ್ಣರಾಜಪುರದ ಕಡೆಯವನು, ಅದನ್ನು ರಟ್ಟಿಗೆ ಸಿಕ್ಕಿಸಿಕೊಂಡು ಮೇಜಿನಿಂದ ಮೇಜಿಗೆ ಹೋದ. ನಾನು ತಲೆ ತಗ್ಗಿಸಿ ಕಂಬಳಿಗಳ ಪಟ್ಟಿ ನೋಡುತ್ತಿದ್ದೆ. ಕಣ್ಣು ಕಂಬಳಿಯ ಮೇಲಿತ್ತು, ಜೀವ ರಟ್ಟಿನ ಮೇಲಿತ್ತು. ಒಬ್ಬರೂ ಒಪ್ಪದಿದ್ದರೆ ಆ ಹಾಳೆಯನ್ನು ಕಡತಕ್ಕೆ ಸೇರಿಸಬೇಕಾದವನೂ ನಾನೇ.

ಅರ್ಧ ಗಂಟೆಯಲ್ಲಿ ರಟ್ಟು ಹಿಂತಿರುಗಿತು. ಹದಿನಾರು ಹೆಸರುಗಳಲ್ಲಿ ಹದಿನೈದರ ಮುಂದೆ ಸಹಿ! ನನ್ನ ಕಣ್ಣು ಮಂಜಾಯಿತು, ಸುಳ್ಳು ಹೇಳುವುದಿಲ್ಲ. ಮೂಗೊರೆಸಿಕೊಂಡೆ. ಅಂದು ಬುಧವಾರ, ನೆಗಡಿಯ ನೆಪವೂ ಇರಲಿಲ್ಲ. ಇಷ್ಟು ಜನಕ್ಕೆ ನನ್ನ ಮೇಲೆ ಇಷ್ಟು ವಿಶ್ವಾಸವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸಹಿ ಮಾಡದವರು ಒಬ್ಬರೇ, ಕಾಕ್ಸ್‌ಟೌನಿನ ಟೈಪಿಸ್ಟ್ ಡೇವಿಡ್. ಅವರು ಹೆಸರಿನ ಮುಂದೆ ಪುಟ್ಟ ಅಕ್ಷರದಲ್ಲಿ, 'ಕ್ಷಮಿಸಬೇಕು. ಭಾನುವಾರ ತಾಯಿಯನ್ನು ಚರ್ಚಿಗೆ ಕರೆದುಕೊಂಡು ಹೋಗಬೇಕು. ಪ್ರಯಾಣ ಸುಖವಾಗಿರಲಿ' ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. ಹದಿನೈದು ಜನರ ವಿಶ್ವಾಸ ಸಿಕ್ಕಿದವನಿಗೆ ಹದಿನಾರನೆಯದು ಸಿಗಲಿಲ್ಲವೆಂಬುದೇ ದೊಡ್ಡದಾಗಿ ಕಾಣುತ್ತದೆ. ಅಂದಿನಿಂದ ಡೇವಿಡ್ ಗುಡ್ ಮಾರ್ನಿಂಗ್ ಎಂದರೆ ನಾನು ಬರೀ ತಲೆಯಾಡಿಸುತ್ತಿದ್ದೆ.

ಮುಂದಿನ ಐದು ವಾರ ನಾನು ಎಷ್ಟು ಸುಖವಾಗಿದ್ದೆನೆಂದು ಹೇಳಲಾರೆ. ಭಾನುವಾರಗಳು ಕುದುರೆಯಂತೆ ಓಡಿದವು. ಶ್ರೀರಂಗಪಟ್ಟಣದ ಒಂದು ಛತ್ರದ ಪಾರುಪತ್ತೇಗಾರರಿಗೆ ಕಾರ್ಡು ಬರೆದು ಎಂಟೆಂಟು ಜನ ಹಿಡಿಸುವ ಎರಡು ಹರಿಗೋಲು ಗೊತ್ತುಮಾಡಿಸಿದೆ. ಹರಿಗೋಲಿನಲ್ಲಿ ಭಾರ ಒಂದೇ ಕಡೆ ಬೀಳಬಾರದೆಂದು ಕೇಳಿದ್ದೆ. ಆದ್ದರಿಂದ ದುಂಡಗೆ ಎರಡು ಗೀಟು ಹಾಕಿಕೊಂಡು ಯಾರ ಎದುರಿಗೆ ಯಾರು ಎಂದು ನಕ್ಷೆ ಬರೆದೆ. ಅಕೌಂಟೆಂಟ್ ಶೇಷಗಿರಿಯವರ ಮೈಗೆ ಸರಿದೂಗಲು ಎದುರಿಗೆ ಇಬ್ಬರನ್ನು ಹಾಕಬೇಕಾಯಿತು. ನನ್ನನ್ನು ಯಾವ ಹರಿಗೋಲಿನಲ್ಲಿ ಕೂರಿಸುವುದೆಂದು ತೀರ್ಮಾನಿಸುವುದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಒಂದರಲ್ಲಿ ಕುಳಿತರೆ ಇನ್ನೊಂದರವರು ಬೇಸರಪಟ್ಟುಕೊಳ್ಳುತ್ತಾರಲ್ಲ! ಕೊನೆಗೆ ಹೋಗುವಾಗ ಒಂದರಲ್ಲಿ, ಬರುವಾಗ ಇನ್ನೊಂದರಲ್ಲಿ ಎಂದು ಇತ್ಯರ್ಥ ಮಾಡಿದೆ. ದಾರಿಯ ನೋಟಗಳನ್ನು ವಿವರಿಸುವುದಕ್ಕೆ ನಾಲ್ಕು ಪುಟದ ಟಿಪ್ಪಣಿಯನ್ನೂ ಬರೆದುಕೊಂಡೆ.

ಊಟದ ವಿಷಯವೇ ಕಷ್ಟದ್ದು. ರೇಷನ್ನಿನ ಕಾಲ, ಒಂಟಿ ಆಳಿಗೆ ಸಿಗುವ ಅಕ್ಕಿ ನಿಮಗೇ ಗೊತ್ತು. ಐದು ವಾರ ಎರಡು ಹೊತ್ತೂ ರಾಗಿ ಮುದ್ದೆ ನುಂಗಿ ಅಕ್ಕಿಯನ್ನೆಲ್ಲ ಉಳಿಸಿದೆ. ವಠಾರದ ಎದುರುಮನೆಯ ರಾಜಮ್ಮನವರು ಪುಳಿಯೋಗರೆ ಮತ್ತು ಮೊಸರನ್ನ ಮಾಡಿಕೊಡಲು ಒಪ್ಪಿದರು. "ಹದಿನಾರು ಜನವಾ? ನಿಮಗೆ ಅಷ್ಟೊಂದು ಸ್ನೇಹಿತರು ಇದ್ದಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ ನೋಡಿ!" ಎಂದರು. "ನಾನು ಹೇಳ್ಕೊಳ್ಳೋದಿಲ್ಲ ಅಷ್ಟೆ ರಾಜಮ್ಮನವರೇ" ಎಂದು ಗತ್ತಿನಿಂದ ಹೇಳಿದೆ. ಕಚೇರಿಯಲ್ಲಿ ಯಾರೂ ವಿಹಾರದ ಮಾತೆತ್ತಲಿಲ್ಲ. ಅದನ್ನು ನಾನು ಶಿಸ್ತು ಎಂದುಕೊಂಡೆ. ಆದರೂ ಶನಿವಾರ ಬೀಗ ಹಾಕುವ ಹೊತ್ತಿಗೆ ಮನಸ್ಸು ತಡೆಯದೆ, "ನಾಳೆ ಜ್ಞಾಪಕ ಇದೆಯಲ್ಲ ಶೇಷಗಿರಿ?" ಎಂದು ಕೇಳಿದೆ. ಅವರು ಕೊಡೆ ಹುಡುಕುತ್ತ, "ಓಹೋ, ಇಲ್ದೆ ಏನು ಸಾರ್!" ಎಂದರು. ಹೆಡ್ ಕ್ಲರ್ಕು ಏನು ಕೇಳಿದರೂ ಅವರ ಉತ್ತರ ಅದೇ ಎಂಬುದು ಆಗ ನನಗೆ ನೆನಪಾಗಲಿಲ್ಲ.

ಭಾನುವಾರ ನಸುಕಿನಲ್ಲಿ ಎರಡು ದೊಡ್ಡ ತಪ್ಪಲೆ, ಒಂದು ಕಟ್ಟು ಬಾಳೆ ಎಲೆಯನ್ನು ಜಟಕಾದಲ್ಲಿ ಹೇರಿಕೊಂಡು ಸಿಟಿ ಸ್ಟೇಷನ್ನಿಗೆ ಹೋದೆ. ಸೇರುವ ಜಾಗದಲ್ಲಿ ಯಾರೂ ಇರಲಿಲ್ಲ. ನಾನೇ ಬೇಗ ಬಂದೆ ಎಂದುಕೊಂಡೆ. ಆಮೇಲೆ ಅವರೇ ತಡ ಎಂದುಕೊಂಡೆ. ಆಮೇಲೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಸ್ಟೇಷನ್ನಿಗೆ ಹೋಗಿಬಿಟ್ಟರೋ ಎಂದುಕೊಂಡೆ. ಹದಿನೈದು ಜನಕ್ಕೂ ಒಟ್ಟಿಗೆ ತಲೆ ಕೆಡುವುದು ಹೇಗೆ? ದೂರದಲ್ಲಿ ಯಾರಾದರೂ ದಪ್ಪಗೆ ಕಂಡರೆ ಶೇಷಗಿರಿಯೆಂದು ಕೈ ಎತ್ತುತ್ತಿದ್ದೆ. ಮೂವರು ಅಪರಿಚಿತರು ಮರ್ಯಾದೆಗೆ ತಿರುಗಿ ಕೈ ಎತ್ತಿದರು. ಗಾಡಿಯ ಗಂಟೆ ಹೊಡೆಯಿತು. ಕೂಲಿಯವನು, "ಸಾಮಿ, ತಪ್ಪಲೆ ಹತ್ತಿಸ್ಲಾ, ಬ್ಯಾಡ್ವಾ?" ಎಂದ. ಹಿಂತಿರುಗಿದರೆ ರಾಜಮ್ಮನವರು ಬಾಗಿಲಲ್ಲೇ ನಿಂತಿರುತ್ತಾರೆ. ಅವರು ನಗುವುದಿಲ್ಲ, ಅಯ್ಯೋ ಪಾಪ ಎನ್ನುತ್ತಾರೆ. ಆ ಒಂದು ಮಾತಿಗೆ ಹೆದರಿ, "ಹತ್ತಿಸಪ್ಪ" ಎಂದೆ.

ನದಿಯ ದಡದಲ್ಲಿ ಎರಡು ಹರಿಗೋಲನ್ನೂ ತೊಳೆದು, ಕೂರುವುದಕ್ಕೆ ಹುಲ್ಲು ಹಾಸಿ ಅಂಬಿಗರು ಕಾದಿದ್ದರು. ಹಿರಿಯ ಅಂಬಿಗ ನನ್ನ ಹಿಂದೆ ಮುಂದೆ ನೋಡಿ, "ಜನ ಎಲ್ಲವ್ರೆ ಬುದ್ಧಿ?" ಎಂದ. "ಹಿಂದೆ ಬರೋ ಗಾಡಿಗೆ ಬರ್ತಾರೆ" ಎಂದೆ. ಅವನು, "ಹಿಂದ್ಲ ಗಾಡಿ ಸಂಜ್ಗೇಯಾ" ಎಂದ. ಒಳ್ಳೆಯ ಮನುಷ್ಯ, ಇನ್ನೇನೂ ಕೇಳಲಿಲ್ಲ. ನನ್ನೆದುರು ಭಾರಕ್ಕೆ ಪುಳಿಯೋಗರೆಯ ತಪ್ಪಲೆಯನ್ನಿಟ್ಟು ಹರಿಗೋಲು ಬಿಟ್ಟ. ನನ್ನ ನಕ್ಷೆಯಲ್ಲಿ ಆ ಜಾಗ ಶೇಷಗಿರಿಯದು. ನೀರು ತಣ್ಣಗೆ ಹರಿಯುತ್ತಿತ್ತು, ದಡದ ಮರಗಳು ಬಾಗಿ ನಿಂತಿದ್ದವು, ಬೆಳ್ಳಕ್ಕಿಗಳಿದ್ದವು. ಎಲ್ಲವೂ ಟಿಪ್ಪಣಿಯಲ್ಲಿ ಬರೆದಂತೆಯೇ ಇತ್ತು. ಅಷ್ಟು ಚೆನ್ನಾಗಿರಬಾರದಿತ್ತು. ಚೆನ್ನಾಗಿರುವುದನ್ನು ಕಂಡಾಗ ಅಲ್ನೋಡಿ ಎಂದು ಪಕ್ಕದವರಿಗೆ ಹೇಳದೆ ಇರುವುದು ಎಂಥ ಕಷ್ಟವೆಂದು ನನಗೆ ಅಂದು ಗೊತ್ತಾಯಿತು. ತಡೆಯಲಾರದೆ ಟಿಪ್ಪಣಿ ತೆಗೆದು ಅಂಬಿಗನಿಗೇ ಓದತೊಡಗಿದೆ. ಈ ಹೊಳೆ ಎಲ್ಲಿ ಹುಟ್ಟಿತು, ಎಲ್ಲಿ ಕವಲೊಡೆಯಿತು, ದ್ವೀಪ ಹೇಗಾಯಿತು, ಎಲ್ಲ. ಎರಡು ಪುಟ ಕೇಳಿದ ಮೇಲೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ, "ನಾ ಇಲ್ಲೇ ಹುಟ್ಟಿದ್ದು ಬುದ್ಧಿ. ಆದ್ರೂ ಓದಿ, ಚೆಂದಾಗೈತೆ" ಎಂದ.

ಊಟಕ್ಕೆ ಅಂಬಿಗರ ಮನೆಯವರೆಲ್ಲ ಬಂದರು, ಬಟ್ಟೆ ಒಗೆಯುತ್ತಿದ್ದವರು ಬಂದರು. ಎರಡು ತಪ್ಪಲೆಯೂ ತಳ ಕಂಡವು. ನನ್ನ ಐದು ವಾರದ ಅಕ್ಕಿ ಹಸಿದವರ ಹೊಟ್ಟೆಗೆ ಹೋಯಿತು ಎಂದು ಸಮಾಧಾನಪಟ್ಟುಕೊಂಡೆ. ಹೊರಡುವಾಗ ಹಿರಿಯ ಅಂಬಿಗ, "ಇನ್ನೊಂದ್ಸಲಾನೂ ಹಿಂಗೇ ಬನ್ನಿ ಬುದ್ಧಿ. ಜನ ಯಾಕೆ, ಅನ್ನ ತಂದ್ರೆ ಸಾಕು" ಎಂದ. ವಠಾರ ಸೇರಿದಾಗ ರಾಜಮ್ಮನವರು ಖಾಲಿ ತಪ್ಪಲೆಗಳನ್ನು ನೋಡಿ, "ಎಲ್ಲಾರೂ ಚೆನ್ನಾಗಿ ತಿಂದ್ರಾ?" ಎಂದು ಕೇಳಿದರು. ತಿಂದರು ಎಂದೆ. ಅದು ಸುಳ್ಳೇನೂ ಅಲ್ಲ.

ಸೋಮವಾರ ಗಂಟಲು ಚೆನ್ನಾಗಿಯೇ ತೆರೆದಿತ್ತು, ಸಿಟ್ಟಿನಿಂದ. ಶೇಷಗಿರಿಯವರ ಮೇಜಿನ ಮುಂದೆ ಸರ್ಕ್ಯುಲರ್ ಹಿಡಿದು ನಿಂತೆ. ಅವರು ಕನ್ನಡಕ ಹಾಕಿಕೊಂಡು ಮೊದಲನೆಯ ಸಲ ಅದನ್ನು ಓದಿದರು. "ಯಾವ ನದಿ ಸಾರ್?" ಎಂದರು. ಇನ್ನೊಬ್ಬರು, ಬಕೆಟ್ಟಿನ ವಿಷಯ ಇರಬೇಕೆಂದುಕೊಂಡಿದ್ದೆ ಎಂದರು. ಮತ್ತೊಬ್ಬರು ತಮ್ಮ ಸಹಿಯನ್ನು ದಿಟ್ಟಿಸಿ ನೋಡಿ, ನನ್ನದೇ, ಆದರೆ ನಾನು ಮಾಡಿಲ್ಲ ಎಂದರು. ಕೊನೆಗೆ ಮುನಿವೆಂಕಟಪ್ಪನನ್ನು ಕರೆದು ಗದರಿದೆ. ಅವನಿಗೆ ನನ್ನ ಮೇಲೆ ಕನಿಕರವಾಯಿತು. "ಓದಿ ಸೈನ್ ಹಾಕ್ತಾರೆ ಅಂತ ಯಾರ್ ಹೇಳುದ್ರು ಸಾಮಿ ನಿಮ್ಗೆ? ನಾನು ರಟ್ಟು ಹಿಡ್ಕೊಂಡು ನಿಂತ್ರೆ ಕೈ ಚಾಚ್ತಾರೆ, ಗೀಚ್ತಾರೆ, ಕೊಡ್ತಾರೆ. ಓದ್ತಾ ಕೂತ್ರೆ ನನ್ ಕಾಲು ನೋಯಲ್ವಾ? ಆ ಡೇವಿಡ್ ಅಯ್ನೋರ್ ಒಬ್ರೇ ಓದೋದು, ಅವ್ರ ಹತ್ರ ಯಾವಾಗ್ಲೂ ಲೇಟು." ಬರುವುದಿಲ್ಲ ಎಂದ ಒಬ್ಬರೇ ನನ್ನ ಕಾಗದ ಓದಿದವರು ಎಂಬುದು ನನಗೆ ಆಗ ತಿಳಿಯಿತು.

ಓದದೆ ಸಹಿ ಮಾಡುವುದು ಎಂಥ ಅನಾಚಾರ! ನಾನಾದರೆ ಎಂದಿಗೂ ಮಾಡುವವನಲ್ಲ. ಇದರ ಮೇಲೆ ಒಂದು ಖಡಕ್ ಸರ್ಕ್ಯುಲರ್ ಹೊರಡಿಸಲೇಬೇಕೆಂದು ನಿರ್ಧರಿಸಿದೆ. ಹಿಂದೆ ಇಂಥದ್ದು ಯಾರಾದರೂ ಹೊರಡಿಸಿದ್ದರೆ ಒಕ್ಕಣೆ ನೋಡಿಕೊಳ್ಳೋಣವೆಂದು ಹಳೆಯ ಕಡತ ತೆಗೆದೆ. ಪುಟ ತಿರುವುತ್ತ ಹೋದಂತೆ ಹಿಂದಿನ ಡಿಸೆಂಬರಿನ ಒಂದು ಹಾಳೆ ಸಿಕ್ಕಿತು. ಅಂದವಾಗಿ ಟೈಪು ಮಾಡಿತ್ತು. 'ಕ್ರಿಸ್‌ಮಸ್ ದಿನ ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ತಾವೆಲ್ಲ ಚಹಾಕ್ಕೆ ದಯಮಾಡಿಸಬೇಕು. ನನ್ನ ತಾಯಿಗೆ ನಿಮ್ಮೆಲ್ಲರನ್ನೂ ನೋಡುವ ಆಸೆ. ಬರುವವರು ಸಹಿ ಮಾಡಬೇಕಾಗಿ ವಿನಂತಿ. ಡೇವಿಡ್.' ಕೆಳಗೆ ಹದಿನಾರು ಸಹಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಅಂದವಾಗಿ, ತಾರೀಖು ಸಮೇತ, ನನ್ನದು.

ಬಹಳ ಹೊತ್ತು ಆ ಹಾಳೆಯನ್ನು ನೋಡಿದೆ. ಆ ದಿನ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಏನು ಮಾಡುತ್ತಿದ್ದೆ? ಹಲಸೂರಿನಲ್ಲಿ ಒಬ್ಬನೇ ಕುಳಿತು, ನನ್ನನ್ನು ಯಾರೂ ಕರೆಯುವುದಿಲ್ಲ ಎಂದು ಕೊರಗುತ್ತಿದ್ದೆ. ಎದ್ದು ಡೇವಿಡ್ಡರ ಮೇಜಿಗೆ ಹೋದೆ. ಅವರು ಟೈಪು ನಿಲ್ಲಿಸಿ ಎದ್ದು ನಿಂತರು. ಹಾಳೆಯನ್ನು ಮುಂದಿಟ್ಟು, "ಅವತ್ತು ಯಾರ್ಯಾರು ಬಂದಿದ್ರು?" ಎಂದು ಕೇಳಿದೆ.

"ಯಾರೂ ಬರ್ಲಿಲ್ಲ ಸಾರ್. ಅಮ್ಮ ಗೇಟ್ ಹತ್ರ ಚೇರ್ ಹಾಕ್ಕೊಂಡು ಕತ್ತಲಾಗೋವರೆಗೂ ಕೂತಿದ್ರು. ಪರವಾಗಿಲ್ಲ ಸಾರ್."

"ಒಂದು ಮಾತು ಹೇಳ್ಬಾರದಾಗಿತ್ತೇನ್ರೀ?"

"ಏನಂತ ಹೇಳೋದು ಸಾರ್? ನಿಮ್ಮ ಸೈನೇ ಫಸ್ಟ್ ಇತ್ತು." ಹಾಳೆಯನ್ನು ಮಡಿಸಿ ನನ್ನ ಕಡೆ ಸರಿಸುತ್ತ ಅವರು ಮತ್ತೆ ಹೇಳಿದರು. "ನಿಮ್ಮ ಪಿಕ್ನಿಕ್ ಪೇಪರ್ ಬಂದಾಗ್ಲೂ ಹೇಳೋಣ ಅಂತ ಇದ್ದೆ, ಇವರು ಸುಮ್ನೆ ಸೈನ್ ಹಾಕ್ತಾರೆ ಅಂತ. ಆಮೇಲೆ, ನೀವು ಹೆಡ್ ಕ್ಲರ್ಕ್ ಅಲ್ವಾ, ನಿಮಗಾದ್ರೂ ಬರ್ತಾರೇನೋ ಅಂದ್ಕೊಂಡೆ."

ಐದು ವಾರ ಈ ಮನುಷ್ಯನ ಗುಡ್ ಮಾರ್ನಿಂಗಿಗೆ ಬಾಯಿಬಿಟ್ಟು ಉತ್ತರ ಕೊಟ್ಟಿರಲಿಲ್ಲ. ತಪ್ಪಾಯಿತು ಎಂದು ಹೇಳುವುದಕ್ಕೆ ಮೂರು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು. ಡೇವಿಡ್ ನಕ್ಕರು. "ಬಿಡಿ ಸಾರ್. ಈ ಸಂಡೇ ನಾಲ್ಕು ಗಂಟೆಗೆ ಬನ್ನಿ, ನೀವೊಬ್ರೇ ಬನ್ನಿ ಸಾಕು. ಅಮ್ಮನಿಗೆ ಹೇಳಿರ್ತೀನಿ. ನಿಜವಾಗ್ಲೂ ಬರ್ತೀರಾ?" ಎಂದು ಕೇಳಿದರು.

ಬರುತ್ತೇನೆಂದು ನನ್ನ ಬಾಯಿ ಹೇಳುವುದಕ್ಕೆ ಮುಂಚೆಯೇ, ಬಲಗೈ ತನ್ನ ಪಾಡಿಗೆ ತಾನು ಜೇಬಿಗೆ ಹೋಗಿ ಪೆನ್ನು ತೆಗೆದು, ಎಲ್ಲಿ ಸಹಿ ಹಾಕಬೇಕೆಂದು ಮೇಜಿನ ಮೇಲೆ ಹುಡುಕುತ್ತಿತ್ತು.