ಚಿಗವ್ವನ ತಂಬಿಗಿ ನೀರು

ನಮ್ಮ ಚಿಗವ್ವ ಹೊಸ ಸರಕಾರಿ ಕಟ್ಟಡ ಕಂಡ್ರ ಅದಕ್ಕ ನೀರು ಕುಡಿಸದ ಮುಂದ ಹೋಗಾಕಿ ಅಲ್ಲ! ಚೀಲದಾಗ ತಂಬಿಗಿ ಇದ್ದೇ ಇರತೈತಿ. ಅಂಗಳದ ನಡುವ ಸುರುವಿ, ನೀರು ಎತ್ತ ಹರೀತೈತಿ ಅಂತ ಅದರ ಬೆನ್ನು ಹತ್ತತಾಳ. ಹೊಸ ಕಟ್ಟಡದ ಮಳಿನೀರು ಅದರ ಅಂಗಳದಾಗ ಇಂಗಬೇಕು ಅನ್ನೂ ನಿಯಮ ಬಂದೈತಂತ ಯಾರೋ ಹೇಳಿದ್ದೇ ತಡ, ಜಾರಿ ಮಾಡೂ ಜವಾಬ್ದಾರಿ ತನ್ನದೇ ಅಂತ ತಿಳಕೊಂಡಾಳ. ನಾನು ತಂಬಿಗಿ ಮುಚ್ಚಿಟ್ಟರ ಬಾಜೂ ಮನಿದು ತರತಾಳ.

ಹಳಿಯಾಳದಾಗ ಒಂದು ಕಚೇರಿ ಉದ್ಘಾಟನಾ. ಈಕಿ ನೀರು ಸುರುವೂದು ಕಂಡ ಸಾಹೇಬರು ಪೂಜಾ ಅಂತ ತಿಳದು, ಬಾಗಿಲದಾಗ ಬೂಟು ಬಿಚ್ಚಿ ಕೈಮುಗದು ನಿಂತರು. ಅಂಗಳದ ಇಳಿಜಾರು ಬಾಗಿಲ ಕಡೇನ ಇತ್ತು ನೋಡ್ರಿ, ನೀರು ಸೀದಾ ಬಂದು ಅವರ ಸಾಕ್ಸ್ ತೋಯಿಸ್ತು. ನಾನು ಕಂಬದ ಮರಿಗೆ ಹೋಗಿ ಬ್ಯಾರೆಯವರ ಪೈಕಿ ಆದೆ.

ಆದ್ರ ಜೊಯಿಡಾದ್ದು ನಗೂ ವಿಷಯ ಅಲ್ಲ. ಚಿಗವ್ವ ಅಲ್ಲಿ ಅಂಗನವಾಡಿ ಸಹಾಯಕಿ. ಅಂಗನವಾಡಿ ತಗ್ಗಿನಾಗ, ಮ್ಯಾಲಿನ ದಿನ್ನಿಗೆ ಹೊಸ ಕಚೇರಿ. ಅದು ಅರ್ಧ ಕಟ್ಟಿದ್ದಾಗನ, ಹೋದ ಮಳಿಗಾಲದಾಗ, ಅಲ್ಲಿಂದ ನೀರೆಲ್ಲಾ ಹರದು ಬಂದು ಕೂಸುಗಳು ಮಲಗೂ ಖೋಲಿಗೆ ನುಗ್ಗಿತ್ತು. ಈ ವರ್ಷ ಎಂಜಿನಿಯರ್ ಸಾಹೇಬರು ಹೆಮ್ಮಿಯಿಂದ ಇಂಗುಗುಂಡಿ ತೋರಿಸಿದ್ರು. ಸುತ್ತ ಹಳದಿ ಬಣ್ಣ, ದೊಡ್ಡ ಬೋರ್ಡು, ಫೋಟೋಕ್ಕ ನಿಂದ್ರಾಕ ಜಾಗಾ! ಈಕಿ ತಂಬಿಗಿ ಸುರುವಿದ್ಲು. ನೀರು ಅಲ್ಲೇ ನಿಂತಿತು. ತಳಕ್ಕ ಕಾಂಕ್ರೀಟ್!

"ಗುಂಡಿ ಕೆಸರಾಗಬಾರದಂತ ಹಾಕ್ಸೀವ್ರಿ ಅವ್ವಾರ, ಇವತ್ತ ಉದ್ಘಾಟನಾ ಐತಲ್ಲ."

"ಹಂಗಾರ ನೀರು ಎಲ್ಲಿ ಹೋಗಬೇಕ್ರಿ?"

"ಅದು ನಕಾಶೆದಾಗ ಇಲ್ರಿ."

ಮರುದಿನದಿಂದ, ಕೂಸುಗಳನ್ನ ಮನಿಗೆ ಕಳಿಸಿದ ಮ್ಯಾಲ, ಈಕಿ ದಿನಾ ಒಂದು ಕೊಡ ನೀರು ಗುಂಡಿಗೆ ಸುರುವಿ, ದಂಡಿಗೆ ಕುಂತು ಅಂಗನವಾಡಿ ಅಕ್ಕಿ ಹಸನ ಮಾಡಾಕ ಹತ್ತಿದ್ಲು. ಒಳಗ ಹೋಗೂ ಎಲ್ಲಾರಿಗೂ ಒಂದೇ ಮಾತು, ನಿನ್ನಿ ನೀರು ಇವತ್ತೂ ಐತಿ, ನೋಡಿ ಹೋಗ್ರಿ ಅಂತ. ಮಂದಿ ಮೊದಲು ಗುಂಡಿ ದರ್ಶನ ಮಾಡಿ ಆಮ್ಯಾಲ ಅರ್ಜಿ ಕೊಡೂ ಹಂಗಾತು. ಗುಂಡಿಯೊಳಗ ಮೀನು ಯಾವಾಗ ಬಿಡ್ತೀರಿ ಅಂತ ಸಾಹೇಬರನ್ನ ಕೇಳಾಕ ಶುರು ಮಾಡಿದ್ರು. ಸಾಹೇಬರು ಬ್ಯಾಸತ್ತು ತಳ ಒಡಿಸಿ, ಕಲ್ಲು ಉಸುಕು ತುಂಬಿಸಿದ್ರು. ಅರ್ಧ ಅಂಗಳದ ಫರಸಿ ಕಲ್ಲೂ ಕಿತ್ತಿಸಿ ಹುಲ್ಲು ಹಚ್ಚಿಸಿದ್ರು.

ಜೋರು ಮಳಿ ಹಿಡದ ಒಂದು ಮಧ್ಯಾಹ್ನ ನಾನು ಅಂಗನವಾಡಿಗೆ ಹೋದೆ. ಹೋದ ವರ್ಷ ಚಿಗವ್ವ ಇದೇ ಖೋಲಿಯೊಳಗ ಮೊಣಕಾಲಮಟ ನೀರಾಗ, ಎರಡೂ ಬಗಲಾಗ ಒಂದೊಂದು ಕೂಸು ಹಿಡಕೊಂಡು, ಉಳದವನ್ನ ಟೇಬಲ್ ಮ್ಯಾಲ ಏರಿಸಿ, ಸಂಜಿತನಕ ನಿಂತಿದ್ಲಂತ. ಅದನ್ನ ನನಗ ಹೇಳಿದಾಕಿ ಅಲ್ಲಿ ಟೀಚರು, ಈಕಿ ಅಲ್ಲ.

ಈಗ ಕೂಸುಗಳೆಲ್ಲಾ ಚಾಪಿ ಮ್ಯಾಲ ಮಲಗಿದ್ದವು. ಚಿಗವ್ವ ಅಂಗೈಯಿಂದ ನೆಲ ಸವರಿ ನೋಡಿದ್ಲು, ಮತ್ತೊಮ್ಮೆ ಸವರಿದ್ಲು.

"ಒಣಾ ಐತಿ," ಅಂದ್ಲು. ಆಮ್ಯಾಲ ಕೂಸುಗಳ ನಡುವ ತಾನೂ ಒರಗಿ ನಿದ್ದಿ ಹೋದ್ಲು.

ಮುಂದಿನ ವಾರ ದಾಂಡೇಲಿಯೊಳಗ ಹೊಸ ಕಟ್ಟಡ ಒಂದರ ಉದ್ಘಾಟನಾ ಐತಿ. ತಂಬಿಗಿ ಈ ಸಲ ನನ್ನ ಚೀಲದಾಗ ಐತಿ.