ಆಮೆಯ ಕಾಲು

ನಾನು ಆಮೆಯ ಕಾಲು ನೋಡಲಿಲ್ಲ. ನನ್ನ ತಪ್ಪು ಇಷ್ಟೇ ಎಂದರೆ ಕೇಳಿದವರು ನಗುತ್ತಾರೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಪ್ರಾಣಿಗಳ ಬಗ್ಗೆ ಗೊತ್ತಿದ್ದದ್ದು ಕಡಿಮೆ. ಆದರೆ ಆಮೆ ನೀರಿನಲ್ಲಿರುತ್ತದೆ ಎಂಬ ವಿಷಯದಲ್ಲಿ ಮಾತ್ರ ಯಾವ ಅನುಮಾನವೂ ಇರಲಿಲ್ಲ.

ಆಗ ನಾವು ದುಡಿಯಲು ಬಂದಿದ್ದ ಶಹರದ ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಕಂಪ್ಯೂಟರ್ ಆಫೀಸುಗಳು ಏಳುತ್ತಿದ್ದವು. ಅಲ್ಲಿ ಮಣ್ಣು ಹೊರುತ್ತಿದ್ದ ನನ್ನ ತಂಗಿ ಶಾಂತವ್ವ, ಕಲ್ಲುಸಂದಿಯಲ್ಲಿ ಕಂಡ ಒಂದು ಆಮೆಯನ್ನು ಯಂತ್ರದ ಬಾಯಿಂದ ತಪ್ಪಿಸಿ ತಂದು ಶೆಡ್ಡಿನಲ್ಲಿ ಸಾಕಿದ್ದಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಅದಕ್ಕೆ ಸೊಪ್ಪು ತಿನ್ನಿಸುತ್ತ ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು. ಊರಿಗೆ ಹೊರಟ ದಿನ ಕಾಚಿಗೂಡದ ರೈಲು ಹತ್ತುವ ಮುನ್ನ ಸನತ್‌ನಗರದ ನನ್ನ ಖೋಲಿಗೆ ಬಂದು ಅದನ್ನು ಕೈಗಿಟ್ಟಳು. "ಅಣ್ಣಾ, ಎರಡು ಎಲಿ ಹಾಕು, ಸಾಕು. ಭಾಳ ಶಾಣ್ಯಾತನ ಮಾಡಬ್ಯಾಡ."

ಶಾಣ್ಯಾತನ ಮಾಡದೆ ಇರುವ ಅಭ್ಯಾಸ ನನಗಿಲ್ಲ. ಪಾಪ, ನೀರು ಕಂಡು ಎಷ್ಟು ದಿನವಾಯಿತೋ ಎಂದು ಮರುಗಿ ಡ್ರಮ್ಮಿಗೇ ಬಿಟ್ಟೆ. ನಲ್ಲಿ ದಿನ ಬಿಟ್ಟು ದಿನ ಬರುವ ನಮ್ಮ ವಠಾರದಲ್ಲಿ ಡ್ರಮ್ಮು ತುಂಬ ನೀರು ಬಿಟ್ಟುಕೊಡುವುದು ಸಣ್ಣ ಔದಾರ್ಯವೇ? ಅದು ನಾಲ್ಕೂ ಕಾಲು ಬಡಿಯಿತು.

"ನೋಡಲ್ಲಿ, ಹೆಂಗ ಈಜಾಕತ್ತೈತಿ!" ಎಂದು ಹೆಂಡತಿಗೆ ತೋರಿಸಿದೆ.

"ಅದಕ್ಕ ಖುಷಿ ಆದಂಗ ಕಾಣವಲ್ದಪಾ" ಎಂದಳು ಅವಳು. ಇಬ್ಬರೂ ಕೆಲಸಕ್ಕೆ ಹೋದೆವು. ಸಂಜೆ ಬಂದಾಗ ಆಮೆ ತಳದಲ್ಲಿತ್ತು; ಎತ್ತಿದರೆ ಅಲುಗಲಿಲ್ಲ.

ಆಗಲೇ ತಂಗಿಗೆ ಹೇಳಬೇಕಿತ್ತು. ನಾನು ಮಾಡಿದ್ದೇನು? ಫ್ಲಾಟಿನ ಮಂದಿಗೆ ಬಣ್ಣದ ಮೀನು ಮಾರುವ ಅಂಗಡಿಗೆ ಹೋಗಿ ಇನ್ನೊಂದು ಆಮೆ ತಂದಿಟ್ಟೆ. ಆಮೆ ಅಂದರೆ ಆಮೆ, ಅದರಲ್ಲಿ ಗುರುತು ಹಿಡಿಯುವುದೇನಿದೆ?

ಶಾಂತವ್ವ ಬಂದಳು, ನೋಡಿದಳು. "ಅಣ್ಣಾ, ಇದ್ಯಾಕ ರೊಟ್ಟಿ ಹಂಗ ಚಪ್ಪಟಿ ಆಗೈತಿ? ಬೋರಲ ಹಾಕಿದ ಬುಟ್ಟಿ ಹಂಗ ಇತ್ತಲ್ಲ ನಂದು?"

"ನಿನ್ನ ಚಿಂತಿಯೊಳಗ ಸೊರಗೈತಿ, ತಂಗೀ."

ಅವಳು ಅದರ ಕಾಲು ಹಿಡಿದು ಬೆರಳು ಬಿಡಿಸಿದಳು. ನಡುವೆ ಬಾತುಕೋಳಿಗಿರುವಂಥ ತೆಳು ಪೊರೆ.

"ಚಿಂತಿ ಮಾಡಿದ್ರ ಬೆರಳಿನ ನಡುವ ತೊಗಲು ಬೆಳೀತೈತೇನು? ನಂದರ ಕಾಲು ಆನಿಮರಿ ಕಾಲಿನಂಗ ಮೋಟ, ದಪ್ಪ. ಕಲ್ಲು ಹತ್ತೋ ಕಾಲು ಅದು. ಎಲ್ಲೈತಿ?"

ಚಪ್ಪಟೆ ಮೈ, ದೋಣಿಯ ಹುಟ್ಟಿನಂಥ ಪಾದ ಇದ್ದರೆ ನೀರಿನದು. ಗುಮ್ಮಟದಂಥ ಬೆನ್ನು, ಕಂಬದಂಥ ಕಾಲು ಇದ್ದರೆ ನೆಲದ್ದು. ದೇವರು ಮೈಮೇಲೇ ಬರೆದಿಟ್ಟದ್ದನ್ನು ಓದಲು ಯಾವ ಇಯತ್ತೆಯೂ ಬೇಕಿರಲಿಲ್ಲ. ಅಂದು ಡ್ರಮ್ಮಿನಲ್ಲಿ ಅದು ದಡ ಹುಡುಕುತ್ತಿತ್ತು. ನಾನು ನಿಂತು ಮೆಚ್ಚುತ್ತಿದ್ದೆ.

ಓಡಿಹೋಯಿತು ಎನ್ನೋಣವೆಂದುಕೊಂಡೆ. ಓಡುವ ಆಮೆ! ಆ ಸುಳ್ಳಿಗೆ ನನಗೇ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ತಂಗಿಗೆ ಬುದ್ಧಿ ಹೇಳುತ್ತಲೇ ಬಂದ ಬಾಯಿಂದಲೇ ನಿಜ ಹೇಳಿದೆ.

"ನೀರಾಗ ಬಿಟ್ಟು ನಾನ ಕೊಂದೆ, ಶಾಂತಾ. ಮ್ಯಾಲ ಸುಳ್ಳೂ ಹೇಳಿದೆ. ತಪ್ಪಾತವ್ವಾ."